ಮೂರು ಏಟು, ಒಂದು ಬಿಂದಿಗೆ

ಶ್ರೀರಂಗಪಟ್ಟಣ
12 ನವೆಂಬರ್ 1995

ಕಾರ್ಯದರ್ಶಿಗಳು,
ನಾಲ್ಕು ತಾಲ್ಲೂಕು ವಾಲಿಬಾಲ್ ಲೀಗ್,
ನಾಗಮಂಗಲ

ಮಾನ್ಯರೇ,

ನಿಮ್ಮ ಲೀಗಿನ ಕರಪತ್ರವನ್ನು ನಮ್ಮ ರೈಲ್ವೆ ಸ್ಟೇಷನ್ನಿನ ಗೋಡೆಯ ಮೇಲೆ ಓದಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂದು ನಾಲ್ಕು ಹೆಸರು. ಕೆಳಗೆ ದಪ್ಪ ಅಕ್ಷರದಲ್ಲಿ "ಪುರುಷರಿಗೆ ಮಾತ್ರ". ಆ ಎರಡು ಪದಗಳನ್ನು ನಾನು ಪೆನ್ನಿನಿಂದ ಹೊಡೆದುಹಾಕಿದ್ದೇನೆ. ಬೇರೆಯವರಿಂದ ತಿಳಿಯುವ ಮೊದಲು ನಾನೇ ತಿಳಿಸುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ಗದ್ದೆ ನಾಟಿ ಮಾಡುವವರು ಹೆಂಗಸರು. ಬೆಳಗಿನಿಂದ ಸಂಜೆಯವರೆಗೆ ಬಗ್ಗಿದ ಸೊಂಟ ಎತ್ತದೆ ಕೆಸರಿನಲ್ಲಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾರೆ. ಆ ಕೆಲಸಕ್ಕೆ "ಪುರುಷರಿಗೆ ಮಾತ್ರ" ಎಂದು ಯಾರೂ ಬೋರ್ಡು ಹಾಕಿಲ್ಲ. ಮೈ ಬಳಸುವ ಕೆಲಸದಲ್ಲಿ ದುಡಿಮೆ ಹೆಣ್ಣಿನದು, ಆಟ ಗಂಡಿನದು ಎಂಬ ಈ ಪಾಲು ಯಾವಾಗ ಆಯಿತು, ಯಾರ ಸಮ್ಮುಖದಲ್ಲಿ ಆಯಿತು?

ನಿಮ್ಮ ಲೀಗು ಸಣ್ಣದಲ್ಲ ಎಂದು ನನಗೆ ಗೊತ್ತು. ಇಲ್ಲಿ ಹೆಸರು ಮಾಡಿದವರು ಇಲಾಖೆಗಳ ತಂಡ ಸೇರಿ, ಆಡುವುದಕ್ಕೇ ಸಂಬಳ ತೆಗೆದುಕೊಳ್ಳುತ್ತಿದ್ದಾರೆ. ಹೆಂಗಸರಿಗೆ ಅಂಥ ಲೀಗು ಈ ನಾಲ್ಕು ತಾಲ್ಲೂಕಿನಲ್ಲಿ ಒಂದೂ ಇಲ್ಲ. ಈ ವರ್ಷ ಪಾಂಡವಪುರ ತಂಡದಲ್ಲಿ ಹಿಂದೆ ನಿಂತು ಚೆಂಡು ಎತ್ತುತ್ತಿದ್ದ ಮಂಚಯ್ಯ ವರ್ಗವಾಗಿ ಹೋಗಿದ್ದಾರೆ. ಆ ಜಾಗಕ್ಕೆ ಒಬ್ಬ ಆಟಗಾರ್ತಿ ಸಿದ್ಧಳಿದ್ದಾಳೆ. ಆ ತಂಡದ ನಾಯಕ ಅಶೋಕ್ ಅವರಿಗೂ ಅವಳು ಬೇಕು. ಮಾರ್ಚಿಗೆ ಅವಳ ಕಾಲೇಜು ಮುಗಿಯುತ್ತದೆ. ಆಮೇಲೆ ಆಡಲು ಅವಳಿಗೆ ಬೇರೆ ಮೈದಾನವಿಲ್ಲ. ಈ ಸಲ ಹೆಸರು ಸೇರಿದರೆ ಉಂಟು, ಇಲ್ಲದಿದ್ದರೆ ಅವಳ ಆಟ ಅಲ್ಲಿಗೇ ಮುಗಿಯಿತು.

ಅವಳ ಹೆಸರನ್ನು ಈಗಲೇ ಹೇಳುವುದಿಲ್ಲ. ಮೊದಲು ತತ್ತ್ವ ಇತ್ಯರ್ಥವಾಗಲಿ.

ಹೋರಾಟದ ವಂದನೆಗಳೊಂದಿಗೆ,
ರಂಜಿತ, ಅಂತಿಮ ಬಿ.ಎ.


ನಾಗಮಂಗಲ
21 ನವೆಂಬರ್ 1995

ರಂಜಿತಮ್ಮನವರಿಗೆ,

ನಾಗಮಂಗಲದ ಕೆಂಪಣ್ಣ ಮಾಡುವ ನಮಸ್ಕಾರ. ನಿಮ್ಮ ಕಾಗದ ಬಂದಾಗ ನಾನು ನಮ್ಮ ಹಿತ್ತಾಳೆ ಪಾತ್ರೆ ಅಂಗಡಿಯಲ್ಲಿ ಒಬ್ಬರಿಗೆ ಚೆಂಬು ತೋರಿಸುತ್ತಿದ್ದೆ. ಓದಿ ಮುಗಿಸಿ ತಲೆ ಎತ್ತುವಷ್ಟರಲ್ಲಿ ಗಿರಾಕಿ ಇರಲಿಲ್ಲ. ಹೋಗಲಿ ಬಿಡಿ, ಕಾಗದ ಚೆನ್ನಾಗಿತ್ತು.

ನನ್ನ ಹೆಂಡತಿ ಬೆಟ್ಟಮ್ಮ ಅದನ್ನು ಎರಡು ಸಲ ಓದಿಸಿಕೊಂಡಳು. "ನಾಟಿ ಮಾತು ದಿಟವಾಗಿ ಬರ್ದವ್ಳೆ ಕಣ್ರೀ" ಅಂದಳು. ಮನೆಯಲ್ಲಿ ನನ್ನ ಕಡೆಯ ಓಟು ಒಂದು ಆಗಲೇ ಕಡಿಮೆಯಾಗಿದೆ.

ಈಗ ಆಟದ ಮಾತು. ದೊಡ್ಡ ಪಂದ್ಯಗಳಲ್ಲಿ ಆಟಗಾರರು ಸುತ್ತಿ ಸುತ್ತಿ ಜಾಗ ಬದಲಿಸುತ್ತಾರೆ. ನಮ್ಮ ಲೀಗಿನಲ್ಲಿ ಹಾಗಿಲ್ಲ. ನೆಟ್ಟಿನವನು ನೆಟ್ಟಿನಲ್ಲೇ, ಹಿಂದಾಳು ಹಿಂದೆಯೇ. ನಮ್ಮ ನಾಗಮಂಗಲದ ಶಿವಣ್ಣ, ನನ್ನ ಅಕ್ಕನ ಮಗ, ನೆಟ್ಟಿನ ಮೇಲೆ ಎದೆಮಟ್ಟ ಏಳುತ್ತಾನೆ. ಅವನ ಎದುರು ಎಗರಿ ತಡೆಯಲು ಒಬ್ಬ ಹುಡುಗಿಗೆ ಆಗುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಗಂಡಸರಿಗೂ ಆಗುತ್ತಿಲ್ಲ. ಆದರೆ ಹಿಂದಾಳು ಎಗರಬೇಕಾಗಿಲ್ಲ. ಬಂದ ಏಟನ್ನು ನೆಲ ಮುಟ್ಟದ ಹಾಗೆ ಎತ್ತಿಕೊಡಬೇಕು. ಅದಕ್ಕೆ ಎತ್ತರಕ್ಕಿಂತ ಕಣ್ಣು, ಕಾಲು ಮುಖ್ಯ.

ಅದಕ್ಕೇ ಕೇಳುತ್ತೇನೆ. ನಿಮ್ಮ ಮುಂಗೈ ಒಳಮಗ್ಗುಲು ತಿರುಗಿಸಿ ನೋಡಿಕೊಳ್ಳಿ. ಹಿಂದಾಳಿಗೆ ಅಲ್ಲಿ ಕೆಂಪು ಆರುವುದಿಲ್ಲ. ನಿಮಗೆ ಹೇಗಿದೆ? ಚೆಂಡು ತೆಗೆಯುವಾಗ ಮೊಣಕೈ ಬಗ್ಗಿಸಬೇಡಿ, ಮಂಡಿ ಬಗ್ಗಿಸಿ.

ನಾನು ನಾಲ್ಕೂ ನಾಯಕರನ್ನು ಕರೆದು ಕೇಳುತ್ತೇನೆ. ಅವರು ಒಪ್ಪಿದರೆ ಬಾಕಿಯದೆಲ್ಲ ಮಾಮೂಲಿನಂತೆ. ಗೆದ್ದ ತಂಡಕ್ಕೆ ನಮ್ಮ ಅಂಗಡಿಯ ಹಿತ್ತಾಳೆ ಬಿಂದಿಗೆ. ಕಪ್ಪು ಗಿಪ್ಪು ಇಲ್ಲ.

ಇಂತಿ,
ಕೆಂಪಣ್ಣ

ಮರೆತಿದ್ದೆ: ಗೋಡೆಯ ಮೇಲೆ ಗೀಟು ಎಳೆಯುವಾಗ ಕರಪತ್ರದ ತಾರೀಖು ಹೊಡೆದುಹಾಕಿಲ್ಲ ತಾನೆ?


ಶ್ರೀರಂಗಪಟ್ಟಣ
26 ನವೆಂಬರ್ 1995

ಕೆಂಪಣ್ಣನವರಿಗೆ,

ತಾರೀಖು ಹಾಗೇ ಇದೆ.

ಆಟಗಾರ್ತಿ ನಾನಲ್ಲ. ನಾನು ಹಾಗೆ ಬರೆದೇ ಇಲ್ಲ. ಅವಳು ತೊಣ್ಣೂರಿನ ಪುಟ್ಟಗೌರಮ್ಮ, ನಾವೆಲ್ಲ ಗೌರಿ ಎನ್ನುತ್ತೇವೆ. ಪಾಂಡವಪುರದ ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಾಳೆ. ನಾನು ಕೊಟ್ಟ ಕಿರುಪುಸ್ತಕಗಳನ್ನು ಓದಿದೆ ಎಂದು ಹೇಳಿ ಹಿಂದಿರುಗಿಸುತ್ತಾಳೆ. ಅವುಗಳ ಹಾಳೆಗಳು ಅಂಟಿಕೊಂಡೇ ಇರುತ್ತವೆ.

ಅವಳ ತಂದೆ ಸೋಮಯ್ಯನವರದು ತೆಂಗಿನಕಾಯಿ ವ್ಯಾಪಾರ. ಕಾಯಿ ತುಂಬುವಾಗ ಅವರು ನೆಲದಿಂದ ಎಸೆಯುತ್ತಾರೆ, ಗೌರಿ ಲಾರಿಯ ಮೇಲೆ ನಿಂತು ಹಿಡಿಯುತ್ತಾಳೆ. ಚಿಕ್ಕಂದಿನಿಂದ ಅದೇ ಕೆಲಸ. ಕಾಯಿ ಎಲ್ಲಿ ಬೀಳುತ್ತದೆ ಎಂದು ಹೇಗೆ ತಿಳಿಯುತ್ತದೆ ಎಂದು ಕೇಳಿದೆ. "ಕಾಯಿ ಯಾಕ್ ನೋಡ್ಬೇಕು? ಭುಜ ನೋಡಿದ್ರೆ ಆಯ್ತು. ಕಾಯಿ ಕೈ ಬುಡಕ್ ಮುಂಚೇನೇ ಭುಜ ಹೇಳ್ಬುಡ್ತದೆ" ಎಂದಳು. ಈಗ ಅಶೋಕ್ ಅವರ ತಂಡದವರು ಹೊಡೆಯುವಾಗಲೂ ಅವಳು ನೋಡುವುದು ಭುಜವನ್ನೇ.

ನನಗೆ ಅರ್ಥವಾಗದ ಒಂದು ಮಾತು. ಗಂಡಸರು ಎರಡು ತಿಂಗಳು ಬೆವರು ಹರಿಸಿ ಆಡುವುದು ಬಿಂದಿಗೆಗಾಗಿ. ಆ ಬಿಂದಿಗೆಯನ್ನು ಮನೆಗೆ ಒಯ್ದ ಮೇಲೆ ಅದನ್ನು ಹೊರುವವರು ಯಾರು? ಹೆಂಗಸರಿಗೆ ಸೇರಬೇಕಾದ ಬಹುಮಾನಕ್ಕೆ ಹೆಂಗಸರೇ ಆಡಬಾರದೆಂದರೆ ಏನು ನ್ಯಾಯ?

ಬೆಟ್ಟಮ್ಮನವರಿಗೆ ನನ್ನ ವಂದನೆ. ಅವರ ಓಟನ್ನು ಜೋಪಾನ ಮಾಡಿ.

ರಂಜಿತ


ನಾಗಮಂಗಲ
6 ಡಿಸೆಂಬರ್ 1995

ರಂಜಿತಮ್ಮನವರಿಗೆ,

ಕಾರ್ಡಿನಲ್ಲಿ ಹೆಚ್ಚು ಜಾಗವಿಲ್ಲ. ಈ ಭಾನುವಾರ ಪಾಂಡವಪುರದ ಕಡೆ ಒಂದು ಕೆಲಸವಿದೆ. ಬಂದ ಮೇಲೆ ಬರೆಯುತ್ತೇನೆ. ಬಿಂದಿಗೆ ಮಾತಿಗೆ ಬೆಟ್ಟಮ್ಮ ನಕ್ಕು ನಕ್ಕು ಮಜ್ಜಿಗೆ ಚೆಲ್ಲಿದಳು.

ಕೆಂಪಣ್ಣ


ಶ್ರೀರಂಗಪಟ್ಟಣ
12 ಡಿಸೆಂಬರ್ 1995

ಕೆಂಪಣ್ಣನವರಿಗೆ,

ನಿಮ್ಮ ಕೆಲಸ ಮುಗಿದಿರಬಹುದು. ಭಾನುವಾರ ನಡೆದ ಒಂದು ಸಂಗತಿಯನ್ನು ನಿಮ್ಮ ಗಮನಕ್ಕೆ ತರುತ್ತಿದ್ದೇನೆ. ನಮ್ಮ ಸಮಾಜ ಎಲ್ಲಿದೆ ಎಂದು ನಿಮಗೆ ತಿಳಿಯಲಿ.

ತೊಣ್ಣೂರು ಕೆರೆಯ ಕೆಳಗಿನ ಬಯಲಿನಲ್ಲಿ ಪಾಂಡವಪುರದ ತಂಡ ಅಭ್ಯಾಸ ನಡೆಸಿತ್ತು. ಗೌರಿ ಹಿಂದೆ ನಿಂತಿದ್ದಳು. ನಾನು ಗೆರೆಯ ಹೊರಗೆ ಕುಳಿತು ಘೋಷಣೆ ಬರೆಯುತ್ತಿದ್ದೆ. ಆಗ ಏರಿಯ ಮೇಲೆ ಒಬ್ಬ ದಪ್ಪ ಮನುಷ್ಯ ಬಂದು ಕುಳಿತ. ಬಿಸಿಲಿರಲಿಲ್ಲ, ಮಳೆಯೂ ಇರಲಿಲ್ಲ, ಕಪ್ಪು ಛತ್ರಿ ಬಿಚ್ಚಿಕೊಂಡಿದ್ದ. ಕಡಲೆಕಾಯಿ ಸುಲಿದು ತಿನ್ನುತ್ತಾ ಇಡೀ ಹೊತ್ತು ಗೌರಿಯನ್ನೇ ನೋಡಿದ. ಒಂದು ಸಲ ಅವಳು ಚೆಂಡಿನ ಹಿಂದೆ ಓಡಿ ಹುಲ್ಲಿನ ಮೇಲೆ ಜಾರಿ ಬಿದ್ದು, ಮಲಗಿದಲ್ಲಿಂದಲೇ ಚೆಂಡು ಎತ್ತಿದಳು. ಆ ಮನುಷ್ಯ ತೊಡೆ ತಟ್ಟಿಕೊಂಡು ನಕ್ಕ! ಹೆಣ್ಣು ಆಡುವುದು ಇಂಥವರಿಗೆ ಬಿಟ್ಟಿ ತಮಾಷೆ. ನಾನು ಎದ್ದು ಹೋಗಿ ಸರಿಯಾಗಿ ಕೇಳಬೇಕೆಂದಿದ್ದೆ. ಗೌರಿ ಸೆರಗು ಹಿಡಿದು ಕೂರಿಸಿದಳು.

"ನಗ್ಲಿ ಬುಡೆ. ಕಡ್ಲೆಕಾಯ್ ಸಿಪ್ಪೆ ಎಲ್ಲಾ ಜೇಬ್ಗೇ ಹಾಕ್ಕತ್ತಾ ಅವ್ನೆ, ಒಂದೂ ನೆಲಕ್ ಬುಟ್ಟಿಲ್ಲ. ಕೆಟ್ಟೋನಲ್ಲ" ಎಂದಳು.

ಸಿಪ್ಪೆಯಿಂದ ಮನುಷ್ಯನನ್ನು ಅಳೆಯುವುದು ವೈಜ್ಞಾನಿಕವಲ್ಲ ಎಂದು ಅವಳಿಗೆ ವಿವರಿಸಿದೆ.

ಮನೆಯಲ್ಲೂ ಪುರುಷ ಪ್ರಾಬಲ್ಯ ಮಣೆ ಹಾಕಿಕೊಂಡು ಊಟಕ್ಕೆ ಕೂರುತ್ತದೆ, ನನ್ನ ಎದುರಿಗೇ. ಅದರ ವಿಷಯ ಬರೆಯುವುದಿಲ್ಲ. ನಾಯಕರ ಸಭೆ ಏನಾಯಿತು? ಗೌರಿ ದಿನಾ ಕೇಳುತ್ತಾಳೆ, ಕೇಳದ ಹಾಗೆ ಕೇಳುತ್ತಾಳೆ.

ರಂಜಿತ


ನಾಗಮಂಗಲ
20 ಡಿಸೆಂಬರ್ 1995

ರಂಜಿತಮ್ಮನವರಿಗೆ,

ಛತ್ರಿಯ ಮನುಷ್ಯನ ವಿಷಯ ಓದಿ ಬೇಸರವಾಯಿತು. ಆದರೆ ಒಂದು ಮಾತು ಯೋಚಿಸಿ. ಅವನು ಹುಡುಗಿಯನ್ನು ನೋಡಿ ನಗದೆ ಅಶೋಕನ ಮುಖ ನೋಡಿ ನಕ್ಕಿರಬಹುದು. ತನ್ನ ಏಟು ನೆಲ ಮುಟ್ಟಿತೆಂದು ಅಶೋಕ ಆಗಲೇ ಬೆನ್ನು ತಿರುಗಿಸಿದ್ದ, ಚೆಂಡು ಬಂದು ಅವನ ತಲೆಗೆ ತಾಗಿತು. ಹಾಗೆ ಆಗಿರಬಹುದು ಎನ್ನುತ್ತಿದ್ದೇನೆ. ಛತ್ರಿ ಕೆಲವರಿಗೆ ಅಭ್ಯಾಸ.

ಸಭೆ ನಡೆಯಿತು. ಪಾಂಡವಪುರದ ಅಶೋಕ ಬೇಕು ಎಂದ. ಕೆ.ಆರ್. ಪೇಟೆಯ ಅಪ್ಪು "ನಮ್ದೇನೂ ಇಲ್ಲ ಕಣಣ್ಣ, ಆಡ್ಲಿ" ಎಂದ. ನಮ್ಮ ಶಿವಣ್ಣ ನನ್ನ ಮುಖ ನೋಡಿ ಆಗಲಿ ಎಂದ. ಶ್ರೀರಂಗಪಟ್ಟಣದ ಚೈತನ್ಯ ಮಾತ್ರ ಎದ್ದು ನಿಂತ. "ಸೋತ್ರೆ ಹೆಂಗ್ಸು ಕೈಲಿ ಸೋತ್ರು ಅಂತಾರೆ, ಗೆದ್ರೆ ಹೆಂಗ್ಸ್ ಮೇಲ್ ಗೆದ್ರು ಅಂತಾರೆ. ಎಂಗಾದ್ರೂ ಮಾನ ಓಯ್ತದೆ. ಬ್ಯಾಡ" ಎಂದ. ಉದ್ದನೆಯ ಹುಡುಗ. ಸಿಟ್ಟು ಬಂದಾಗ ಎಡಹುಬ್ಬು ಮೇಲೇರುತ್ತದೆ. ಅಂಥ ಹುಬ್ಬನ್ನು ಇತ್ತೀಚೆಗೆ ಎಲ್ಲೋ ಕಂಡ ನೆನಪು.

ಕೊನೆಗೆ ಹೀಗೆ ತೀರ್ಮಾನವಾಯಿತು. ಸಂಕ್ರಾಂತಿಯ ಹಿಂದಿನ ಭಾನುವಾರ ಗೌರಮ್ಮ ನಾಗಮಂಗಲಕ್ಕೆ ಬಂದು ಮೂರು ಏಟು ತೆಗೆಯಬೇಕು. ಉಳಿದ ಮೂರು ತಂಡದ ನೆಟ್ಟಿನವರು ಒಬ್ಬೊಬ್ಬರೂ ಒಂದೊಂದು ಹೊಡೆಯುತ್ತಾರೆ. ಎರಡು ಎತ್ತಿದರೆ ಹೆಸರು ಸೇರುತ್ತದೆ. ಚೈತನ್ಯನೂ ಇದಕ್ಕೆ ಒಪ್ಪಿದ್ದಾನೆ.

ಕೆಂಪಣ್ಣ


ಶ್ರೀರಂಗಪಟ್ಟಣ
24 ಡಿಸೆಂಬರ್ 1995

ಕಾರ್ಯದರ್ಶಿಗಳಿಗೆ,

ನಿಮ್ಮ ಮೇಲೆ ನನಗೆ ಸ್ವಲ್ಪ ನಂಬಿಕೆ ಬಂದಿತ್ತು. ಅದು ನನ್ನ ತಪ್ಪು.

ಮೂರು ಏಟು! ಹೆಣ್ಣು ಎಂದ ಕೂಡಲೇ ಪರೀಕ್ಷೆ. ಒಬ್ಬಳನ್ನು ಬೆಂಕಿಗೆ ಇಳಿಸಿದ ನಾಡು ಇನ್ನೊಬ್ಬಳನ್ನು ಮೈದಾನದ ನಡುವೆ ನಿಲ್ಲಿಸಿ ಮೂವರು ಗಂಡಸರಿಂದ ಹೊಡೆಸುತ್ತದೆ. ಸುತ್ತ ಊರೆಲ್ಲ ನಿಂತು ನೋಡುತ್ತದೆ. ಅಶೋಕ್ ಅವರ ಮಾತಿಗೆ ಬೆಲೆಯಿಲ್ಲ, ಅವಳು ಎತ್ತಿದ ಚೆಂಡುಗಳಿಗೆ ಬೆಲೆಯಿಲ್ಲ. ಯೋಗ್ಯತೆಯನ್ನು ಅವಳೇ ಮತ್ತೆ ಮತ್ತೆ ಸಾಬೀತು ಮಾಡಬೇಕು.

ಪುಟ್ಟಗೌರಮ್ಮ ಈ ಅವಮಾನಕ್ಕೆ ಒಳಗಾಗುವುದಿಲ್ಲ. ಅವಳು ಬರುವುದಿಲ್ಲ. ನಿಮ್ಮ ಬಿಂದಿಗೆಯನ್ನು ನೀವೇ ಇಟ್ಟುಕೊಳ್ಳಿ.

ರಂಜಿತ


ನಾಗಮಂಗಲ
30 ಡಿಸೆಂಬರ್ 1995

ರಂಜಿತಮ್ಮನವರಿಗೆ,

ಬರುವುದಿಲ್ಲ ಎಂದು ನೀವು ಬರೆದಿರುವುದರಿಂದ ಗೌರಮ್ಮನ ಹೆಸರನ್ನು ಬಿಟ್ಟಿದ್ದೇನೆ. ಪಾಂಡವಪುರದವರು ಬೇರೆ ಹಿಂದಾಳು ಹುಡುಕಿಕೊಳ್ಳಬೇಕು ಎಂದು ಅಶೋಕನಿಗೆ ತಿಳಿಸಬೇಕಾಗಿದೆ. ಇನ್ನೂ ತಿಳಿಸಿಲ್ಲ.

ಬೆಟ್ಟಮ್ಮ ನಿಮ್ಮ ಕಾಗದ ಕೇಳಿ ನನ್ನನ್ನೇ ಬೈದಳು. "ಆ ಮಗೀಗೆ ಮೂರೇಟು ಅಂದ್ರೇನು ಅಂತ ನೀವ್ ಹೇಳಿದ್ದೀರಾ?" ಅಂದಳು. ಹೇಳಿಲ್ಲ. ಊರಿಗೆಲ್ಲ ಗೊತ್ತಿರುವುದು ನಿಮಗೂ ಗೊತ್ತು ಎಂದುಕೊಂಡೆ. ಅದಕ್ಕೇ ಮೊದಲ ಕಾಗದದಲ್ಲೂ ಮಾಮೂಲು ಎಂದಷ್ಟೇ ಬರೆದೆ.

ಈ ಲೀಗಿನಲ್ಲಿ ಹಿಂದಾಳಾಗಿ ನಿಂತ ಪ್ರತಿಯೊಬ್ಬನೂ ಮೊದಲ ವರ್ಷ ಮೂರು ಏಟು ತೆಗೆದೇ ಬಂದವನು. ಮಂಚಯ್ಯ ತೆಗೆದ. ನಾನೂ ತೆಗೆದೆ, ಒಂದು ಹಲ್ಲು ನಾಗಮಂಗಲದ ಮಣ್ಣಿನಲ್ಲೇ ಉಳಿಯಿತು. ಅದಾದ ಮೇಲೆ ಹೊಡೆದವರೇ ಬಂದು ಹೆಗಲ ಮೇಲೆ ಕೈ ಹಾಕಿ ಟೀ ಕುಡಿಸುತ್ತಾರೆ. ಅವತ್ತಿನಿಂದ ಅವನು ಲೀಗಿನವನು. ಗೌರಮ್ಮನಿಗೆ ಅದು ಬೇಡ ಎಂದು ಬಿಟ್ಟಿದ್ದರೆ, ಆಗ ಅವಳನ್ನು ಹೆಂಗಸು ಎಂದು ಬೇರೆ ಇಟ್ಟ ಹಾಗಾಗುತ್ತಿತ್ತು.

ಒಂದು ಕೇಳಬಹುದೆ? ಬರುವುದಿಲ್ಲ ಎಂದು ಗೌರಮ್ಮ ಹೇಳಿದಳೇ?

ಕೆಂಪಣ್ಣ


ಶ್ರೀರಂಗಪಟ್ಟಣ
3 ಜನವರಿ 1996

ಕೆಂಪಣ್ಣನವರಿಗೆ,

ಇಲ್ಲ. ನಾನು ಅವಳನ್ನು ಕೇಳಿರಲಿಲ್ಲ.

ಇವತ್ತು ನಿಮ್ಮ ಎರಡೂ ಕಾಗದ ತೋರಿಸಿದೆ. ಕಾಲೇಜಿನ ಬೇವಿನ ಮರದ ಕೆಳಗೆ ಎಲ್ಲರ ಎದುರು ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಅದು ನನಗೆ ಆಗಬೇಕಾದದ್ದೇ.

"ಯಾರ್ನ ಕೇಳಿ ಬರ್ದೇ ನೀನು? ಏಟು ತಿನ್ನೋಳು ನಾನು, ರೋಸ ನಿಂದಾ? ಮೂರೇಟು ಅಂದ್ರೆ ಏನು ಅಂತ ತೊಣ್ಣೂರಲ್ಲಿ ಮೊಲೆ ಕುಡಿಯೋ ಮಗೀಗೂ ಗೊತ್ತು. ನಾನೂ ಒಂದ್ಸಲ ನಿಂತ್ಕತೀನಿ ಅಂತ ಆಸೆ ಇಟ್ಕಂಡಿದ್ದೆ ಕಣೆ. ಬಾಗ್ಲು ತೆಗ್ಸೋಕೋದೋಳು ನೀನೇ ಅಗ್ಣಿ ಹಾಕ್ಬುಟ್ಟಲ್ಲೇ!"

ನಾನು ಅತ್ತೆ ಎಂದು ತಿಳಿಯಬೇಡಿ. ಧೂಳು ಬಿದ್ದಿತ್ತು.

ಅವಳು ಬರುತ್ತಾಳೆ. ದಯವಿಟ್ಟು ಹೆಸರು ಮತ್ತೆ ಬರೆದುಕೊಳ್ಳಿ. ನಾನು ಯಾರಿಗೂ ದಯವಿಟ್ಟು ಎಂದು ಬರೆದವಳಲ್ಲ. ನಾನು ಮಾತ್ರ ಬರುವುದಿಲ್ಲ. "ನೀನ್ ಬಂದ್ರೆ ಭಾಷ್ಣ ಮಾಡ್ತೀಯ, ಹೊಡೆಯೋರ್ಗೆ ಕೈ ಓಡಕಿಲ್ಲ. ಮನೇಲಿ ಎಳ್ಳು ಬೀರಕ್ಕೆ ಕೊಬ್ರಿ ಕುಯ್ಕಂಡಿರು" ಎಂದು ಗೌರಿಯೇ ಹೇಳಿದ್ದಾಳೆ. ಏನಾಯಿತೆಂದು ನೀವು ಪೂರ್ತಿ ಬರೆಯಬೇಕು. ಒಂದು ಮಾತೂ ಬಿಡಬಾರದು.

ರಂಜಿತ


ನಾಗಮಂಗಲ
16 ಜನವರಿ 1996

ರಂಜಿತವ್ವನಿಗೆ,

ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು ಎನ್ನುವುದು ಸಂಪ್ರದಾಯ. ನೀನು ಒಳ್ಳೆಯದೋ ಕೆಟ್ಟದ್ದೋ, ಮಾತಾಡುತ್ತಲೇ ಇರು. ವಯಸ್ಸಿನಲ್ಲಿ ಮಗಳ ಹಾಗಿರುವವಳಿಗೆ ನೀವು ಎಂದು ಬರೆದು ಕೈ ಸೋತಿದೆ.

ಗೌರಮ್ಮ ತಂದೆಯ ಜೊತೆ ಬಂದಳು. ಜನ ಕಿಕ್ಕಿರಿದಿತ್ತು. ಜಡೆಯನ್ನು ಸುತ್ತಿ ಕಟ್ಟಿ, ಅಂಗಳಕ್ಕೆ ಇಳಿದು ಮಣ್ಣು ಮುಟ್ಟಿ ನಿಂತಳು. ಅಶೋಕ ಎಂದಿನಂತೆ ನೆಟ್ಟಿನ ಹತ್ತಿರ ನಿಂತ. ಅವಳು ಎತ್ತಿದ ಚೆಂಡು ಅವನ ಕೈಗೆ ಸಿಗುವ ಹಾಗಿರಬೇಕು.

ಮೊದಲು ಕೆ.ಆರ್. ಪೇಟೆಯ ಅಪ್ಪು. ಎಗರಿದ. ಎಗರಿದ್ದೇನೋ ಸರಿ, ಆದರೆ ಚೆಂಡನ್ನು ಹೊಡೆಯಲಿಲ್ಲ, ತೀರ್ಥ ಕೊಟ್ಟ ಹಾಗೆ ಕೊಟ್ಟ. ಗೌರಮ್ಮ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನೆಟ್ಟಿನವರೆಗೆ ನಡೆದು ಬಂದು ಅವನಿಗೇ ಹಿಂದಿರುಗಿಸಿದಳು.

"ಅಣ್ಣಾ, ಚೆಂಡು ಬಂತು. ಏಟೆಲ್ಲಿ?"

"ಎಂಗಮ್ಮಾ ಹೊಡೆಯೋದು? ನಮ್ ತಂಗಿ ಇದ್ದಂಗಿದ್ದೀಯ."

"ನಿನ್ ತಂಗಿಗೆ ಮನೇಲಿ ಮುದ್ದೆ ಇಕ್ಕಣ್ಣ. ಇಲ್ಲಿ ಏಟಿಕ್ಕು."

ಜನ ಬಿದ್ದು ಬಿದ್ದು ನಕ್ಕರು. ಅಪ್ಪು ಕಿವಿಯವರೆಗೆ ಕೆಂಪಾದ. ಮುಂದೆ ನಮ್ಮ ಶಿವಣ್ಣ. ಅವನೂ ಹಾಗೆಯೇ, ಆಕಾಶ ನೋಡಿಕೊಂಡು ಒಂದು ತಟ್ಟು ತಟ್ಟಿದ. ನಾನು ಸೀಟಿ ಊದಿ "ಇದು ಲೆಕ್ಕಕ್ಕಿಲ್ಲ, ಸರಿಯಾಗಿ ಹೊಡೀರ್ಲಾ" ಎಂದೆ. ಮತ್ತೆ ಅದೇ ಕಥೆ. ಯಾರಿಗೂ ಕೈ ಬಾರದು. ಆಗ ನನಗೆ ಭಯವಾಯಿತು. ಏಟೇ ಬೀಳದಿದ್ದರೆ ಎತ್ತುವುದು ಏನನ್ನು? ಬೇಡ ಎಂದವರಿಂದ ಕೆಡದ ಕೆಲಸ ಈ ಒಳ್ಳೆಯವರಿಂದಲೇ ಕೆಡುತ್ತದಲ್ಲ ಎಂದುಕೊಂಡೆ. ಗೌರಮ್ಮ ಅಲ್ಲೇ ನಿಂತಿದ್ದಳು, ಅವಳ ಮುಖದಲ್ಲಿ ಮೊದಲಿನ ನಗು ಇರಲಿಲ್ಲ.

ಆಗ ಶ್ರೀರಂಗಪಟ್ಟಣದ ಚೈತನ್ಯ ಇವರಿಬ್ಬರನ್ನೂ ಪಕ್ಕಕ್ಕೆ ತಳ್ಳಿ ಬಂದ.

"ಸರೀರ್ಲಾ ಅತ್ಲಾಗೆ. ತಂಗಿ ಅಂತೆ ತಂಗಿ. ನನ್ಗೂ ಮನೇಲ್ ಒಬ್ಳವ್ಳೆ, ದಿನಾ ಮಾತಲ್ಲೇ ಚಚ್ತಾಳೆ, ಅಣ್ಣ ಅಂತ ನೋಡ್ತಾಳಾ? ಏ ಅಮ್ಮಿ, ನಾನು ಹೊಡೀತೀನಿ. ಆಮ್ಯಾಕೆ ಅಳ್ಬಾರ್ದು."

"ನೀವೂ ಅಳ್ಬಾರ್ದು" ಎಂದಳು ಗೌರಮ್ಮ.

ರಂಜಿತವ್ವ, ಅವನು ಹೊಡೆದ ಏಟು ಮಂಚಯ್ಯನಿಗೆ ಹೊಡೆಯುವ ಏಟು. ಬಲಮೂಲೆಗೆ. ಚೆಂಡು ಅವನ ಕೈ ಬಿಡುವ ಮೊದಲೇ ಅವಳು ಆ ಮೂಲೆಯಲ್ಲಿದ್ದಳು. ಮಂಡಿ ಬಗ್ಗಿತು, ಮೊಣಕೈ ಬಗ್ಗಲಿಲ್ಲ. ಚೆಂಡು ಎದ್ದು ನೇರ ಅಶೋಕನ ತಲೆಯ ಮೇಲೆ ಬಂತು, ಅವನು ಒಂದು ಹೆಜ್ಜೆಯನ್ನೂ ಇಡಬೇಕಾಗಲಿಲ್ಲ. ಆಮೇಲೆ ಕಡಲೆಕಾಯಿ ಮಾರುವ ಚಿಕ್ಕಬೋರಮ್ಮ, "ಎತ್ತುದ್ಲಲ್ರಪ್ಪೋ!" ಎಂದು ಮಂಕರಿ ಬಿಟ್ಟು ಕೂಗಿದಳು. ನನ್ನ ಸೀಟಿ ಬಾಯಿಂದ ಬಿದ್ದುಹೋಯಿತು.

ಅಲ್ಲಿಂದ ಎಲ್ಲರ ಕೈಗೂ ಬಲ ಬಂತು. ಅಪ್ಪು ಹೊಡೆದದ್ದು ಅವಳ ಭುಜಕ್ಕೆ ಬಡಿದು ಹೊರಗೆ ಹೋಯಿತು. ಕುಕ್ಕರುಬಡಿದು ಕುಳಿತವಳು "ಈಗ್ ಸರ್ಯಾಯ್ತು ನೋಡಣ್ಣ" ಎಂದು ನಕ್ಕಳು. ಕೊನೆಯದು ಶಿವಣ್ಣನದು, ನಮ್ಮ ಊರಿನದು. ನಮ್ಮ ಹುಡುಗ ಗೆಲ್ಲಲಿ ಎಂದು ನನ್ನ ಮನಸ್ಸು ಕೇಳಲೇ ಇಲ್ಲ, ಏನು ಮಾಡಲಿ. ಅವನು ಮುಂದಕ್ಕೆ ಹೊಡೆದ, ಅವಳು ಹೊಟ್ಟೆಯ ಮೇಲೆ ಜಾರಿಕೊಂಡು ಬಂದು ಅಂಗೈ ನೆಲಕ್ಕೆ ಹಾಸಿ ಎತ್ತಿದಳು.

ಹೆಸರು ಸೇರಿತು. ಮೂವರೂ ಟೀ ಕುಡಿಸಿದರು. ಚೈತನ್ಯ ಬನ್ನನ್ನೂ ಕೊಡಿಸಿದ.

ಕೆಂಪಣ್ಣ

ಬೇಡ ಎಂದವನೇ ಮೊದಲು ಸರಿಯಾಗಿ ಹೊಡೆದದ್ದು. ಈ ಮಾತು ನಿನ್ನ ಕಿರುಪುಸ್ತಕಗಳಲ್ಲಿ ಎಲ್ಲಾದರೂ ಇದೆಯೇ, ನೋಡಿ ಹೇಳು.


ಶ್ರೀರಂಗಪಟ್ಟಣ
20 ಜನವರಿ 1996

ಪ್ರೀತಿಯ ಕೆಂಪಣ್ಣನವರಿಗೆ,

ನಿಮ್ಮ ಕಾಗದವನ್ನು ರೈಲಿನಲ್ಲಿ ಗಟ್ಟಿಯಾಗಿ ಓದಿದೆ. ಗೊತ್ತಿಲ್ಲದವರೂ ಚಪ್ಪಾಳೆ ಹೊಡೆದರು. ಅವತ್ತು ನನ್ನ ಜೊತೆ ನಮ್ಮ ಊರಿಗೆ ಬರುತ್ತಿದ್ದ ಗೌರಿ ಕಿಟಕಿಯ ಹೊರಗೆ ನೋಡುತ್ತಿದ್ದಳು, ಕಿವಿ ಮಾತ್ರ ಒಳಗಿತ್ತು.

ನೀವು ಕೇಳಿದ ಮಾತು ಕಿರುಪುಸ್ತಕಗಳಲ್ಲಿ ಎಲ್ಲಿಯೂ ಇಲ್ಲ. ಹುಡುಕಿದೆ.

ಚೈತನ್ಯ ನನ್ನ ಅಣ್ಣ. ನಾನು ಬರೆದಿರಲಿಲ್ಲ, ನಿಮಗೆ ಆಗಲೇ ತಿಳಿದಿತ್ತು ಎಂದು ಈಗ ತಿಳಿಯಿತು. ಹೇಗೆ ಎಂಬುದು ಮಾತ್ರ ಗೊತ್ತಾಗಲಿಲ್ಲ. ನನ್ನ ಹುಬ್ಬನ್ನು ನೀವು ಕಂಡೇ ಇಲ್ಲವಲ್ಲ.

ಭಾನುವಾರ ಅವನು ಮನೆಗೆ ಬಂದಾಗ ನಾನು ಕೊಬ್ಬರಿ ಕುಯ್ಯುತ್ತಾ ಬೆರಳೂ ಕುಯ್ದುಕೊಂಡಿದ್ದೆ. ಕೇಳಬಾರದು ಎಂದು ಹಲ್ಲು ಕಚ್ಚಿ ಕುಳಿತೆ. ಕೈಕಾಲು ತೊಳೆದ, ಉಂಡ, ತಟ್ಟೆ ತಾನೇ ಎತ್ತಿಟ್ಟ. ಅಮ್ಮ ಬೆಚ್ಚಿಬಿದ್ದು, ಹುಷಾರಿಲ್ಲವೇನೋ ಎಂದು ಅವನ ಹಣೆ ಮುಟ್ಟಿ ನೋಡಿದರು. ಆಮೇಲೆ ಅವನೇ ಹತ್ತಿರ ಬಂದ.

"ಲೇ ರಂಜಿ, ಆ ಹುಡ್ಗಿ ನನ್ ಚೆಂಡ್ ಎತ್ಬುಟ್ಳು ಕಣೆ. ನಾನ್ ಬುಟ್ಕೊಟ್ಟಿದ್ದಲ್ಲ."

"ಬುಟ್ಕೊಟ್ಟೆ ಅಂತ ಯಾರಂದ್ರು?"

"ಯಾರೂ ಅನ್ಬಾರ್ದು. ಅದ್ಕೇ ಮುಂಚೇನೇ ಹೇಳ್ತಾವ್ನಿ."

ಆಮೇಲೆ ಆ ಮೂಲೆಗೆ ಅವಳು ಹೇಗೆ ಮೊದಲೇ ಹೋದಳು ಎಂದು ಅಂಗಳದಲ್ಲಿ ತಾನೇ ಎಗರಿ ಎಗರಿ ತೋರಿಸಿದ. ಭುಜದ ಗುಟ್ಟು ನನಗೆ ಗೊತ್ತು. ಹೇಳಲಿಲ್ಲ. ತೋಳು ತಿರುಗಿಸಿಕೊಂಡು ಅವನೇ ಕಂಡುಕೊಳ್ಳಲಿ.

ರಂಜಿತ


ಶ್ರೀರಂಗಪಟ್ಟಣ
12 ಮಾರ್ಚ್ 1996

ಕೆಂಪಣ್ಣನವರಿಗೆ, ಅಥವಾ ಛತ್ರಿಯವರಿಗೆ,

ಮೊನ್ನೆ ಕೆ.ಆರ್. ಪೇಟೆಯ ಫೈನಲ್ಲಿಗೆ ಭಾಷಣ ಮಾಡುವುದಿಲ್ಲ ಎಂದು ಪ್ರಮಾಣ ಮಾಡಿ ಬಂದಿದ್ದೆ. ಬಿಂದಿಗೆ ಕೊಡಲು ಎದ್ದ ಕಾರ್ಯದರ್ಶಿಗಳನ್ನು ನೋಡಿದಾಗ ಪ್ರಮಾಣ ಮುರಿಯುವುದಕ್ಕೂ ಬಾಯಿ ಬರಲಿಲ್ಲ. ಅದೇ ಹೊಟ್ಟೆ, ಅದೇ ಕಪ್ಪು ಛತ್ರಿ, ಜೇಬಿನಿಂದ ಇಣುಕುತ್ತಿದ್ದ ಕಡಲೆಕಾಯಿ ಸಿಪ್ಪೆ! ನಿಮ್ಮನ್ನು ನಿಮಗೇ ಅಷ್ಟು ಬೈದು ಬರೆದಿದ್ದೆ, ನೀವು ಅಷ್ಟು ಗಂಭೀರವಾಗಿ ಛತ್ರಿ ಅಭ್ಯಾಸ ಎಂದು ಉತ್ತರಿಸಿದ್ದಿರಿ. ಬೆಟ್ಟಮ್ಮನವರು ನನ್ನನ್ನು ಹುಡುಕಿಕೊಂಡು ಬಂದು, "ನಾಟಿ ಮಗ ನೀನೇನಾ?" ಎಂದು ಕೆನ್ನೆ ಹಿಂಡಿದರು. ಇನ್ನೂ ಉರಿಯುತ್ತಿದೆ. ನನ್ನ ಹುಬ್ಬನ್ನು ನೀವು ಕಂಡದ್ದು ಅವತ್ತು ಏರಿಯ ಮೇಲಿಂದ ಎಂದು ಆ ಒಗಟೂ ಒಡೆಯಿತು.

ಪಾಂಡವಪುರದ ಎದುರು ನಿಮ್ಮ ನಾಗಮಂಗಲವೇ ಸೋತಿತು, ಆದರೂ ನೀವು ನಗುತ್ತಲೇ ಇದ್ದಿರಿ. ಆಟದ ಮಾತನ್ನು ನಾನೂ ಸುಳ್ಳಿಲ್ಲದೆ ಬರೆಯುತ್ತೇನೆ. ಶಿವಣ್ಣ ಮೊದಲ ಸೆಟ್ಟಿನಲ್ಲಿ ಬೇಕೆಂದೇ ಗೌರಿಯ ಮೇಲೆಯೇ ಹೊಡೆದರು, ಅವಳು ಒಂದರ ಮೇಲೊಂದು ಬಿಟ್ಟಳು, ಆ ಸೆಟ್ಟು ಹೋಯಿತು. ನನ್ನ ಪಕ್ಕದಲ್ಲಿದ್ದವನೊಬ್ಬ "ನೋಡ್ದಾ, ಹೆಂಗ್ಸು" ಎಂದ. ನಾನು ಬಾಯಿ ತೆರೆಯುವ ಮೊದಲೇ ಚೈತನ್ಯ ತಿರುಗಿ, "ಲೇ, ಮಂಚಯ್ಯ ಬುಟ್ಟಾಗ ಗಂಡ್ಸು ಅಂದಿದ್ಯೇನ್ಲಾ? ಸುಮ್ಕೆ ನೋಡ್ಲಾ" ಎಂದ. ಆಮೇಲಿನ ಎರಡು ಸೆಟ್ಟು ಅವಳು ಏನು ಮಾಡಿದಳು ಎಂದು ನಿಮಗೇ ಗೊತ್ತು. ಶಿವಣ್ಣನ ಭುಜವನ್ನು ಓದಲು ಅವಳಿಗೆ ಒಂದು ಸೆಟ್ಟು ಬೇಕಾಯಿತು, ಅಷ್ಟೇ.

ನೀವು ಬೇಗ ಹೊರಟಿರಿ, ಬಸ್ಸಿನ ಕಥೆ ನೋಡಲಿಲ್ಲ. ಬಿಂದಿಗೆಯನ್ನು ಹಿಂದಾಳು ಹೊರುವುದು ವಾಡಿಕೆಯಂತೆ. ಎಲ್ಲರೂ ತಂದು ಗೌರಿಯ ಮುಂದೆ ಇಟ್ಟರು. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳು.

"ಹುಟ್ಟಿದಾಗ್ಲಿಂದ ಬಿಂದ್ಗೆ ಹೊತ್ತಿವ್ನಿ. ಇವತ್ತೊಂದಿನ ನೀವ್ ಹೊರ್ರಿ, ಅಶೋಕಣ್ಣ."

ಅಶೋಕ್ ಹೊತ್ತರು. ಸೊಂಟದ ಮೇಲೆ ಕೂರಿಸಲು ಹೋದರೆ ಜಾರುತ್ತದೆ, ಹೆಗಲ ಮೇಲಿಟ್ಟರೆ ತಲೆಗೆ ಬಡಿಯುತ್ತದೆ. ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಎದ್ದು ನಿಂತು ಪಾಠ ಹೇಳಿದರು. "ಸೊಂಟ ಓರೆ ಮಾಡಪ್ಪ! ತೋಳಲ್ಲಿ ಕತ್ತು ತಬ್ಬು! ಅಯ್ಯೋ, ಮಗೀನ್ ಎತ್ಕಂಡಂಗೆ!" ಪಾಂಡವಪುರ ಬರುವಷ್ಟರಲ್ಲಿ ಅವರಿಗೆ ಬಂದಿತ್ತು. ಗೌರಿ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಳು, ಬಾಯಿ ತೆರೆದುಕೊಂಡು, ಲೀಗಿನ ಉಳಿದ ಆಟಗಾರರ ಹಾಗೇ.

ಈಗ ಒಂದು ಅರ್ಜಿ. ಫೆಬ್ರವರಿಯಿಂದ ಅಣ್ಣ ಬೆಳಿಗ್ಗೆ ಬೆಳಿಗ್ಗೆ ನನ್ನನ್ನು ಹೊಳೆಯ ಪಕ್ಕದ ಮರಳಿಗೆ ಎಳೆದುಕೊಂಡು ಹೋಗುತ್ತಿದ್ದಾನೆ. "ಬರೀತೀಯಲ್ಲ, ಬಾ, ಒಂದ್ ಎತ್ತು ನೋಡಾನ" ಎಂದು ಶುರುವಾದದ್ದು. ಕರಿಘಟ್ಟದ ಹಿಂದೆ ಬಿಸಿಲು ಏರುವಷ್ಟರಲ್ಲಿ ನಾನು ಮರಳಿನಲ್ಲಿ ಹೊರಳಿ ಹೊರಳಿ ಹೋಳಿಗೆ ಆಗಿರುತ್ತೇನೆ. ಮಂಡಿ ಬಗ್ಗುತ್ತಿದೆ, ಮೊಣಕೈಯೂ ಬಗ್ಗುತ್ತಿದೆ. ಅದಕ್ಕೇನು ಮಾಡಲಿ, ಬರೆಯಿರಿ.

ನೀವು ಮೊದಲ ಕಾಗದದಲ್ಲಿ ಒಂದು ಪ್ರಶ್ನೆ ಕೇಳಿದ್ದಿರಿ. ನಾನು ಅದಕ್ಕೆ ಉತ್ತರ ಕೊಟ್ಟಿರಲಿಲ್ಲ. ಈಗ ಕೊಡುತ್ತೇನೆ. ಮುಂಗೈ ಒಳಮಗ್ಗುಲು ತಿರುಗಿಸಿ ನೋಡಿಕೊಂಡೆ. ಕೆಂಪಾಗಿದೆ.

ಮುಂದಿನ ವರ್ಷದ ಮೂರು ಏಟಿಗೆ ನನ್ನ ಹೆಸರು ಬರೆದುಕೊಳ್ಳಿ. ಮೂರೂ ಬಿಟ್ಟರೂ ಪರವಾಗಿಲ್ಲ, ಮೆಲ್ಲಗೆ ಹೊಡೆಯಬಾರದು.

ರಂಜಿತ